ಬ್ಯಾಂಕಿನ ಬೋರ್ಡ್ ಬದಲಾದರೆ ನಿಮ್ಮ ಖಾತೆಗೆ ಏನಾಗುತ್ತದೆ?

ಉಡುಪಿಯಲ್ಲಿ ಕೂತು ಟ್ಯಾಕ್ಸ್ ಕೆಲಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಸಾರ್, ನಮ್ಮ ಬ್ಯಾಂಕಿನ ಹೆಸರೇ ಹೋಯ್ತಲ್ಲ, ಹಳೆ ಎಫ್‌ಡಿ ಕಾಗದ ಈಗ ನಡೀತದಾ?"

ನಡೆಯುತ್ತದೆ. ಗಾಬರಿ ಬೇಡ. ಆದರೆ ಬದಲಾದದ್ದು ಏನು ಅಂತ ಮೊದಲು ನೋಡಿ. ಬರೀ ಲೋಗೋನಾ, ಹೆಸರಾ, ಇಲ್ಲ ಬ್ಯಾಂಕೇ ಇನ್ನೊಂದರೊಳಗೆ ಸೇರಿತಾ? ರಸ್ತೆಯಲ್ಲಿ ನಿಂತು ನೋಡಿದರೆ ಮೂರೂ ಒಂದೇ. ಹಳೆ ಬೋರ್ಡ್ ಇಳಿಸುತ್ತಾರೆ, ಹೊಸದು ಏರಿಸುತ್ತಾರೆ. ನೀವು ಮಾಡಬೇಕಾದ ಕೆಲಸ ಮಾತ್ರ ಮೂರಕ್ಕೂ ಬೇರೆ.

ಹೆಸರು ಬದಲಾಯಿಸುವುದು ನಮ್ಮ ಕರಾವಳಿಯ ಬ್ಯಾಂಕುಗಳಿಗೆ ಹೊಸದೇನಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಶುರು ಮಾಡಿದ್ದು ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, ಹೆಸರಿನ ಜೊತೆ ಉಡುಪಿ ಅಂತಲೂ ಇತ್ತು. 1939ರಲ್ಲಿ ಉಡುಪಿ ಬಿಟ್ಟುಹೋಯಿತು, 1972ರಲ್ಲಿ ಕೆನರಾವೂ ಹೋಗಿ ಕಾರ್ಪೊರೇಷನ್ ಬ್ಯಾಂಕ್ ಅಂತ ಉಳಿಯಿತು. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ ಶುರು ಮಾಡಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಆಯಿತು. ಮೂರಕ್ಕೂ ಮೊದಲು ಕೆನರಾ ಅಂತ ಇತ್ತು ನೋಡಿ. ಜಿಲ್ಲೆ ದಾಟಿ ಬೆಳೆಯುವ ಬ್ಯಾಂಕುಗಳಿಗೆ ಒಂದೇ ಥರದ ಹೆಸರು ತೊಡಕೇ ಅಲ್ವಾ? ಆಗೆಲ್ಲ ಬದಲಾದದ್ದು ಹೆಸರು ಮಾತ್ರ, ಬ್ಯಾಂಕ್ ಅದೇ.

ಹೆಸರು ಬದಲಾವಣೆ ಬ್ಯಾಂಕಿನವರು ಮೀಟಿಂಗ್ ಮಾಡಿದ ಕೂಡಲೇ ಆಗುವುದೂ ಅಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 49ಬಿ ಸೆಕ್ಷನ್ ಪ್ರಕಾರ, ತನ್ನ ಆಕ್ಷೇಪ ಇಲ್ಲ ಅಂತ ರಿಸರ್ವ್ ಬ್ಯಾಂಕ್ ಬರೆದು ಕೊಡಬೇಕು. ಷೇರುದಾರರು ಒಪ್ಪಬೇಕು. ಕಂಪನಿ ರಿಜಿಸ್ಟ್ರಾರ್ ಹೊಸ ಹೆಸರಿನ ಪ್ರಮಾಣಪತ್ರ ಕೊಡಬೇಕು. ಇಷ್ಟೆಲ್ಲ ಆದರೂ ಒಳಗಿನ ಕೋಡ್ ಹಾಗೇ ಇರಬಹುದು. ಯುಟಿಐ ಬ್ಯಾಂಕ್ 2007ರಲ್ಲಿ ಆಕ್ಸಿಸ್ ಬ್ಯಾಂಕ್ ಆಯಿತು, ಅದರ ಐಎಫ್‌ಎಸ್‌ಸಿ (ದುಡ್ಡು ಕಳಿಸುವಾಗ ಹಾಕುವ ಬ್ರಾಂಚಿನ ಕೋಡ್) ಇವತ್ತಿಗೂ ಯು-ಟಿ-ಐ-ಬಿ ಅಂತಲೇ ಶುರು. ರತ್ನಾಕರ್ ಬ್ಯಾಂಕ್ ಆರ್‌ಬಿಎಲ್ ಆದರೂ ಕೋಡ್‌ನಲ್ಲಿ ಆರ್-ಎ-ಟಿ-ಎನ್ ಉಳಿದಿದೆ. ಇಂಥ ಕಡೆ ನೀವು ಮಾಡಬೇಕಾದ್ದು ಹೆಚ್ಚೇನಿಲ್ಲ.

ಲೋಗೋ ಬದಲಾದರೆ ಅದಕ್ಕಿಂತಲೂ ಕಡಿಮೆ. 2007ರಲ್ಲಿ ಕೆನರಾ ಬ್ಯಾಂಕಿಗೆ ನೀಲಿ ಹಳದಿ ತ್ರಿಕೋನಗಳು ಬಂದವು, ಹೆಸರು ಅದೇ. ಲೋಗೋದ ತಲೆನೋವೆಲ್ಲ ಬ್ಯಾಂಕಿನದ್ದು. ಬೋರ್ಡ್, ಪಾಸ್‌ಬುಕ್, ಎಟಿಎಂ ಪರದೆ, ಕಾರ್ಡ್, ರಬ್ಬರ್ ಸ್ಟ್ಯಾಂಪ್ ಎಲ್ಲ ಬದಲಾಗಬೇಕು. ಚೆಕ್ ಹಾಳೆಯನ್ನು ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಹಿಡಿದರೆ ಬರಿಗಣ್ಣಿಗೆ ಕಾಣದ ಶಾಯಿಯಲ್ಲಿ ಬ್ಯಾಂಕಿನ ಲೋಗೋ ಹೊಳೆಯುತ್ತದೆ. ಚೆಕ್ ಹಾಳೆ ಹೇಗಿರಬೇಕು ಅಂತ ಹೇಳುವ ಸಿಟಿಎಸ್-2010 ಮಾನದಂಡದ ಚೆಕ್‌ಗಳಿಗೆ ಇದು ಕಡ್ಡಾಯ. ಅಂದರೆ ಲೋಗೋ ಸುಮ್ನೆ ಅಂದಕ್ಕೆ ಇರುವುದಲ್ಲ, ನಕಲಿ ಚೆಕ್ ಹಿಡಿಯುವ ಗುರುತೂ ಹೌದು.

ನಿಜವಾದ ಕೆಲಸ ಬೀಳುವುದು ವಿಲೀನದಲ್ಲಿ. 1931ರಲ್ಲಿ ಮಂಗಳೂರಿನಲ್ಲಿ ವಿಜಯದಶಮಿ ಹೊತ್ತಿಗೆ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಹೋದವು. ಯೂನಿಯನ್ ಬ್ಯಾಂಕ್ ತನ್ನ ಹೆಸರಿನ ಕೆಳಗೆ ಕಾರ್ಪೊರೇಷನ್, ಆಂಧ್ರ (ಜೊತೆಗೇ ಸೇರಿದ ಆಂಧ್ರ ಬ್ಯಾಂಕ್) ಅಂತ ಸ್ವಲ್ಪ ಕಾಲ ಹಾಕಿಕೊಂಡಿತ್ತು, ಹಳೆ ಗ್ರಾಹಕರಿಗೆ ಧೈರ್ಯ ಬರಲಿ ಅಂತ ಅಂದುಕೊಳ್ಳುತ್ತೇನೆ. ಅದು ಒಳ್ಳೆಯ ಕ್ರಮ. ಸಿಂಡಿಕೇಟಿನ ನಾಯಿ ಚಿತ್ರ ನೋಡಿ ಬೆಳೆದ ನಮ್ಮ ಮಣಿಪಾಲ, ಉಡುಪಿಯವರಿಗೆ ಆ ಬೋರ್ಡ್ ಇಳಿದದ್ದು ನಿಜಕ್ಕೂ ಬೇಸರದ ವಿಷಯ, ನನಗೂ ಕೂಡ.

ವಿಲೀನದಲ್ಲಿ ಹೆಸರು ಒಂದೇ ದಿನದಲ್ಲಿ ಹೋಗುತ್ತದೆ, ಆದರೆ ಕಂಪ್ಯೂಟರ್ ವ್ಯವಸ್ಥೆ ಒಂದಾಗಲು ತಿಂಗಳುಗಟ್ಟಲೆ ಬೇಕು. ವಿಜಯಾದ ಹಳೆ ಐಎಫ್‌ಎಸ್‌ಸಿ ನಿಂತದ್ದು 2021ರ ಮಾರ್ಚ್ 1ಕ್ಕೆ, ಸಿಂಡಿಕೇಟಿನದ್ದು ಅದೇ ವರ್ಷ ಜುಲೈ 1ಕ್ಕೆ. ಎಡವಟ್ಟು ಆಗುವುದು ಇಲ್ಲೇ. ವರ್ಷ ಕಳೆದ ಮೇಲೆ ಬದಲಾದ ಕೋಡ್ ಯಾರಿಗೆ ನೆನಪಿರುತ್ತದೆ?

ನನ್ನ ಹತ್ತಿರ ಬರುವ ಒಬ್ಬರು ನಿವೃತ್ತ ಟೀಚರಿಗೆ ಇನ್‌ಕಮ್ ಟ್ಯಾಕ್ಸ್ ರೀಫಂಡ್ ಮಂಜೂರಾಗಿತ್ತು, ಖಾತೆಗೆ ಬರಲಿಲ್ಲ. ರಿಟರ್ನ್ ಸರಿ ಇತ್ತು, ಪ್ಯಾನ್ ಸರಿ ಇತ್ತು. ಪೋರ್ಟಲಿನಲ್ಲಿ ಬ್ಯಾಂಕ್ ಖಾತೆಯ ಪುಟ ತೆಗೆದರೆ ಹಳೆ ಬ್ಯಾಂಕಿನ ಕೋಡ್ ಹಾಗೇ ಕೂತಿತ್ತು. "ಪಾಸ್‌ಬುಕ್ ಹೊಸತೇ ಉಂಟಲ್ಲ ಮಾರಾಯ್ರೆ" ಅಂದರು ಅವರು. ಪಾಸ್‌ಬುಕ್ ಬ್ಯಾಂಕಿನ ಕೈಯಲ್ಲಿರುವುದು, ಅದನ್ನು ಅವರು ಬದಲಾಯಿಸಿಕೊಟ್ಟಿದ್ದಾರೆ. ಪೋರ್ಟಲಿಗೆ ಹೊಸ ಕೋಡ್ ಹಾಕಬೇಕಾದ್ದು ನಾವು. ಹೊಸ ಐಎಫ್‌ಎಸ್‌ಸಿ ಹಾಕಿ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಿ, ಆಮೇಲೆ ರೀಫಂಡ್ ಮರುಪಾವತಿಗೆ ಕೋರಿಕೆ ಹಾಕಿದೆವು. ಪಿಎಫ್, ಷೇರು ಡಿವಿಡೆಂಡ್, ಬಾಡಿಗೆ ಕೊಡುವವರು, ವಿದೇಶದಿಂದ ದುಡ್ಡು ಕಳಿಸುವ ಮಕ್ಕಳು, ಇವರ ಹತ್ತಿರ ಇರುವ ಕೋಡ್ ಕೂಡ ಒಮ್ಮೆ ನೋಡಿಸಿ.

ಎಫ್‌ಡಿ ವಿಷಯಕ್ಕೆ ಬಂದರೆ, ಹಳೆ ಬ್ಯಾಂಕಿನ ಠೇವಣಿ, ಸಾಲ, ಕರಾರು ಎಲ್ಲವೂ ಹೊಸ ಬ್ಯಾಂಕಿನ ಹೊಣೆ ಅಂತ ವಿಲೀನದ ಆದೇಶದಲ್ಲೇ ಬರೆದಿರುತ್ತದೆ. ಹಾಗಾಗಿ ಹಳೆ ರಸೀದಿ ಹರಿದು ಎಸೆಯಬೇಡಿ, ಹೆಸರು ಬದಲಾಯ್ತು ಅಂತ ಅವಧಿಗೆ ಮೊದಲೇ ಮುರಿಸಿ ಬಡ್ಡಿ ಕಳೆದುಕೊಳ್ಳಲೂ ಬೇಡಿ. ಹಳೆ ಚೆಕ್‌ಬುಕ್ ಮಾತ್ರ ಹಾಗಲ್ಲ. ಅದಕ್ಕೆ ಗಡುವು ಇರುತ್ತದೆ, ಬೇಗ ಹೊಸದು ತಗೊಳ್ಳಿ.

ಇನ್ನೊಂದು, ಇದು ತುಂಬ ಮುಖ್ಯ. ಹೆಸರು ಬದಲಾಗುವ ಹೊತ್ತಿಗೇ ಕಳ್ಳರ ಮೆಸೇಜ್ ಜಾಸ್ತಿ. "ನಿಮ್ಮ ಬ್ಯಾಂಕ್ ವಿಲೀನವಾಗಿದೆ, ಇಲ್ಲಿ ಒತ್ತಿ ಕೆವೈಸಿ ಮಾಡಿ" ಅಂತ ಬರುತ್ತದೆ, ಲೋಗೋವೂ ಅಸಲಿಯ ಹಾಗೇ ಇರುತ್ತದೆ. ಲೋಗೋ ನಂಬಬೇಡಿ, ವಿಳಾಸ ನೋಡಿ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳ ವೆಬ್‌ಸೈಟ್ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿತ್ತು. ಮೆಸೇಜಿನ ಲಿಂಕ್ ಒತ್ತುವ ಬದಲು ಬ್ರಾಂಚಿಗೇ ಹೋಗಿ ಕೇಳಿ. ಅಕಸ್ಮಾತ್ ಒತ್ತಿ ದುಡ್ಡು ಹೋಗಿದ್ದರೆ, ನಾಚಿಕೆ ಪಟ್ಟುಕೊಂಡು ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.