‘ಯಾರೂ ಮಾತಾಡ್ತಿಲ್ಲ’ ಅನ್ನೋ ವಾದ ಬಿಡಿ

ಸ್ಕಿಜೋಫ್ರೇನಿಯಾ (ಯಾರೂ ಇಲ್ಲದಿದ್ದರೂ ದನಿಗಳು ಕೇಳಿಸಬಹುದಾದ ಮಾನಸಿಕ ಕಾಯಿಲೆ) ಇರುವವರ ಮನೆಯವರು ಬಂದು ಕೂತ ತಕ್ಷಣ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. "ಡಾಕ್ಟ್ರೇ, ಯಾರೂ ಇಲ್ಲ, ಎಲ್ಲ ನಿನ್ನ ಭ್ರಮೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ." ಹೇಳಿ ಹೇಳಿ ಅವರಿಗೂ ಸಾಕಾಗಿರುತ್ತದೆ, ಪಕ್ಕದಲ್ಲಿ ಕೂತ ಮಗನಿಗೂ ಸಾಕಾಗಿರುತ್ತದೆ.

ನಾವೆಲ್ಲ ಮನಸ್ಸಿನೊಳಗೇ ಮಾತಾಡಿಕೊಳ್ಳುತ್ತೇವೆ. ಗ್ಯಾಸ್ ಆಫ್ ಮಾಡಿದೆನಾ, ಅವಳಿಗೆ ಹಾಗೆ ಅನ್ನಬಾರದಿತ್ತು, ಇಂಥವು. ಆ ಮಾತು ಹುಟ್ಟುವಾಗಲೇ ಮಿದುಳಿನ ಮಾತಾಡುವ ಭಾಗ ಕೇಳುವ ಭಾಗಕ್ಕೆ 'ಇದು ನಮ್ಮದೇ' ಅಂತ ಸೂಚನೆ ಕೊಡುತ್ತದೆ, ಅದಕ್ಕೇ ಅದು ಬೇರೆಯವರ ದನಿ ಅನ್ನಿಸುವುದಿಲ್ಲ. ಈ ಸೂಚನೆ ತಪ್ಪಿದರೆ ನಮ್ಮ ಮಾತೇ ಹೊರಗಿನಿಂದ ಬಂದಂತೆ ಕೇಳಬಹುದು. ಎಲ್ಲ ದನಿಗಳಿಗೂ ಇದೊಂದೇ ಕಾರಣ ಅಂತ ಹೇಳಲಾರೆ. ಹಳೆಯ ನೋವು, ನೆನಪುಗಳ ಪಾಲೂ ಇರಬಹುದು. ಆದರೆ 1949ರಲ್ಲೇ ಲೂಯಿಸ್ ಗೌಲ್ಡ್ ಎಂಬ ವೈದ್ಯರು ಒಬ್ಬ ರೋಗಿಯ ಗಂಟಲಿನ ಸಣ್ಣ ಪಿಸುಮಾತನ್ನು ಮೈಕಿನಲ್ಲಿ ದೊಡ್ಡದು ಮಾಡಿ ಕೇಳಿದ್ದರು. ದನಿಗಳು ಹೀಗೆ ಹೇಳುತ್ತಿವೆ ಅಂತ ಆಕೆ ಹೇಳಿದ್ದಕ್ಕೂ ಆ ಪಿಸುಮಾತಿಗೂ ತಾಳೆಯಾಗುತ್ತಿತ್ತು. 1987ರ ಇನ್ನೊಂದು ಪ್ರಯೋಗದಲ್ಲಿ ಇಂಥ ಪಿಸುಮಾತು ಆಡಲಾಗದಂತೆ ಬಾಯಿ ಅಗಲವಾಗಿ ತೆರೆದುಕೊಂಡಾಗ ಹಲವರಿಗೆ ದನಿ ನಿಂತಿತು. (ಇದನ್ನು ಮನೆಮದ್ದು ಮಾಡಿಕೊಳ್ಳಬೇಡಿ, ಎಲ್ಲರಿಗೂ ಆಗುವುದಿಲ್ಲ.)

ಅಂದರೆ ಅವರಿಗೆ ಕೇಳಿಸುತ್ತಿರುವುದು ನಿಜ. ಕಿವಿಗೆ ಬಿದ್ದದ್ದನ್ನು ಬಿದ್ದೇ ಇಲ್ಲ ಅಂದರೆ ನೀವಾದರೂ ನಂಬ್ತೀರಾ?

ಒಬ್ಬ ಹುಡುಗ ಊಟ ಬಿಟ್ಟಿದ್ದ. ಹಠ ಅಂದುಕೊಂಡಿದ್ದರು ಮನೆಯವರು. ದನಿ ಏನು ಹೇಳುತ್ತಪ್ಪಾ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿಕೊಂಡು, "ಸಾರಿಗೆ ಏನೋ ಬೆರೆಸಿದ್ದಾರೆ ಅನ್ನುತ್ತೆ" ಅಂದ. ಅಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಬೈಗುಳಕ್ಕೆ ಹೆದರಿ ಹೇಳುವುದನ್ನೇ ನಿಲ್ಲಿಸಿದ್ದ ಪಾಪ.

"ನನಗೆ ಕೇಳಿಸ್ತಿಲ್ಲ, ಆದ್ರೆ ನಿನಗೆ ಕೇಳಿಸ್ತಿದೆ ಅಂತ ನಂಬ್ತೀನಿ, ಏನು ಹೇಳ್ತಿದೆ?" ಇಷ್ಟು ಕೇಳಿದರೆ ಸಾಕು. ದನಿ ಹೇಳಿದ್ದಕ್ಕೆಲ್ಲ ಹೌದು ಹೌದು ಅನ್ನುವುದೂ ಬೇಡ. ದನಿಯ ಬಗ್ಗೆ ವಿಚಾರಿಸಿದರೆ ಕಾಯಿಲೆ ಜಾಸ್ತಿಯಾಗುತ್ತೆ ಅನ್ನೋ ಭಯವೂ ಬೇಡ. ಎಲ್ಲ ದನಿಗಳೂ ಬೈಯುವುದಿಲ್ಲ. ಚೆನ್ನೈಯಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹಲವರಿಗೆ ಬಂಧುಗಳ ದನಿಯೇ ಕೇಳಿಸುತ್ತಿತ್ತು, ಮನೆಗೆಲಸ ಮಾಡು ಅಂತ ಹೇಳುವಂಥದ್ದು. ಆದರೆ ಸಾಯಿ, ಹೊಡಿ ಅಂತ ಅಪ್ಪಣೆ ಮಾಡುವ ದನಿಯಾದರೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ರಾತ್ರಿ ಏನು ಮಾಡಬೇಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.