ಸಪ್ಲೈಯರ್ ಕಾನ್‌ಬಾನ್: ಬಿನ್ ತುಂಬುವವರು ಯಾರು, ಸ್ಟಾಕ್ ಯಾರದ್ದು?

"ನಮ್ಮಲ್ಲಿ ಸಪ್ಲೈಯರ್ ಕಾನ್‌ಬಾನ್ ಶುರುವಾಗಿದೆ, ಇನ್ನು ಸ್ಟಾಕೆಲ್ಲಾ ಅವರ ತಲೆನೋವು." ಪರ್ಚೇಸ್ ವಿಭಾಗದವರು ಹೆಮ್ಮೆಯಿಂದ ಹೇಳುವ ಈ ಮಾತನ್ನು ಮೊನ್ನೆ ಒಂದು ಟ್ರೈನಿಂಗ್ ಸ್ಲೈಡಿನಲ್ಲೂ ನೋಡಿದೆ. ಸಾಕಪ್ಪಾ ಅನ್ನಿಸಿತು. ಇಷ್ಟು ಚಿಕ್ಕ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಕಲಸಿ ಇಟ್ಟಿದ್ದಾರೆ. ಮಾಲು ತರಲು ಹೇಳುವುದು ಏನು? ಬಿನ್, ಅಂದರೆ ಲೈನಿನ ಪಕ್ಕ ಮಾಲು ಇಡುವ ಡಬ್ಬ, ಅದನ್ನು ತುಂಬುವವರು ಯಾರು? ಬಿನ್ನಿನಲ್ಲಿರುವ ಮಾಲಿನ ದುಡ್ಡು ಯಾರದ್ದು? ಕಾನ್‌ಬಾನ್ ಅಂದರೆ ಮಾಲು ಖರ್ಚಾದಾಗ ಅಷ್ಟನ್ನೇ ಮತ್ತೆ ತನ್ನಿ ಅಂತ ಹೇಳುವ ಕಾರ್ಡು ಅಥವಾ ಗುರುತು. ಅದು ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಗೋಡೆ ಮೇಲೆ ಹಳದಿ ಚೀಟಿ ಅಂಟಿಸುವ ಕಾನ್‌ಬಾನ್ ಬೋರ್ಡನ್ನು ಇಲ್ಲಿ ಪಕ್ಕಕ್ಕಿಡೋಣ. ನಾನು ಹೇಳುತ್ತಿರುವುದು ನಟ್ಟು, ಬೋಲ್ಟು, ವಾಷರ್ ಇರುವ ಲೈನಿನ ಮಾತು.

ಟೊಯೋಟಾದ ತೈಇಚಿ ಓನೊ ಇದನ್ನು 1953ರಲ್ಲಿ ಮೊದಲು ತಂದದ್ದು ತಮ್ಮದೇ ಮಷಿನ್ ಶಾಪಿನಲ್ಲಿ. ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಪದ್ಧತಿ ಅವರ ತಲೆಯಲ್ಲಿ ಕೂತಿತ್ತು. ಅಲ್ಲಿ ಗಿರಾಕಿ ಶೆಲ್ಫಿನಿಂದ ಎಷ್ಟು ತೆಗೆದುಕೊಂಡನೋ ಅಂಗಡಿಯವನು ಅಷ್ಟನ್ನೇ ಮತ್ತೆ ಇಡುತ್ತಾನೆ. ಓನೊ ಆ ಕ್ರಮವನ್ನು ಕಾರ್ಖಾನೆಗೆ ತಿರುಗಿಸಿದರು. ಮುಂದಿನ ವಿಭಾಗದವರು ಭಾಗ ತೆಗೆದುಕೊಂಡಾಗ ಅದರ ಜೊತೆಗಿದ್ದ ಕಾರ್ಡು ಹಿಂದಿನ ವಿಭಾಗಕ್ಕೆ ಹೋಗುತ್ತದೆ. ಕಾರ್ಡು ಬಂದರೆ ಮಾತ್ರ ಹೊಸದು ಮಾಡಬೇಕು. ಬರದಿದ್ದರೆ ಸುಮ್ನೆ ಕೂರಬೇಕು. ಮಷಿನ್ ಖಾಲಿ ಇದೆ, ಆಳು ಖಾಲಿ ಇದ್ದಾನೆ ಅಂತ ಮಾಡಿ ರಾಶಿ ಹಾಕುವ ಹಾಗಿಲ್ಲ. ನಮ್ಮ ಬಹಳಷ್ಟು ಕಡೆ ಕಾರ್ಡು ಬಂದಿದೆ, ಈ ಸುಮ್ಮನೆ ಕೂರುವುದು ಮಾತ್ರ ಇನ್ನೂ ಬಂದಿಲ್ಲ.

ಆಮೇಲೆ ಕಾರ್ಡು ಕಾರ್ಖಾನೆಯ ಗೇಟು ದಾಟಿ ಸಪ್ಲೈಯರ್ ಕಡೆಗೂ ಹೋಯಿತು. ಟೊಯೋಟಾ ಸಪ್ಲೈಯರಿಗೆ ಕೊಡುವ ಕಾರ್ಡಿನಲ್ಲಿ 1-6-2 ಅನ್ನುವಂಥ ಅಂಕಿ ಇರುತ್ತದೆ. ಒಂದು ದಿನಕ್ಕೆ ಆರು ಸಲ ಗಾಡಿ ಬರಬೇಕು, ಈ ಕಾರ್ಡಿನ ಮಾಲು ಕಾರ್ಡು ಕೊಟ್ಟ ಮೇಲಿನ ಎರಡನೇ ಗಾಡಿಯಲ್ಲಿ ಬರಬೇಕು ಅಂತ ಅದರರ್ಥ. ಇಲ್ಲಿ ಸಪ್ಲೈಯರ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಎಷ್ಟು ತರಬೇಕು, ಯಾವಾಗ ತರಬೇಕು ಎಲ್ಲಾ ಕಾರ್ಡಿನಲ್ಲೇ ಇದೆ.

ಇದಕ್ಕೆ ಪೂರ್ತಿ ಬೇರೆ ಮನೆತನದ್ದು ವಿಎಂಐ. ವೆಂಡರೇ ಸ್ಟಾಕ್ ನೋಡಿಕೊಳ್ಳುವ ಪದ್ಧತಿ. ಇದು ಹೆಸರುವಾಸಿಯಾದದ್ದು 1980ರ ದಶಕದಲ್ಲಿ ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ ನಡುವಿನ ವ್ಯವಹಾರದಿಂದ. ಗಿರಾಕಿ ತನ್ನ ಮಾರಾಟದ, ಸ್ಟಾಕಿನ ಲೆಕ್ಕವನ್ನು ವೆಂಡರಿಗೆ ತೆರೆದಿಡುತ್ತಾನೆ. ಇಷ್ಟಕ್ಕಿಂತ ಕಮ್ಮಿ ಆಗಬಾರದು, ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಎರಡು ಗೆರೆ ಹಾಕುತ್ತಾನೆ. ಆ ಗೆರೆಗಳ ನಡುವೆ ಎಷ್ಟು ಕಳಿಸಬೇಕು, ಯಾವಾಗ ಕಳಿಸಬೇಕು ಅನ್ನುವುದು ವೆಂಡರ್ ಇಷ್ಟ. ಮುಂದಿನ ತಿಂಗಳ ಅಂದಾಜು ನೋಡಿ ಈ ವಾರವೇ ಒಂದು ಲೋಡ್ ಜಾಸ್ತಿ ಕಳಿಸಬಹುದು.

ಸಪ್ಲೈಯರ್ ನಡೆಸುವ ಕಾನ್‌ಬಾನ್ ಇವೆರಡರ ಮಧ್ಯೆ ಹುಟ್ಟಿದ ಕೂಸು. ಗೊಂದಲವೂ ಅಲ್ಲೇ ಹುಟ್ಟುವುದು. ಬಿನ್ ನೋಡುವುದು, ಸ್ಕ್ಯಾನ್ ಮಾಡುವುದು, ಮಾಲು ತಂದು ತುಂಬುವುದು ಇವೆಲ್ಲ ಸಪ್ಲೈಯರ್ ಕೆಲಸ. ಎಷ್ಟು ತುಂಬಬೇಕು ಅನ್ನುವ ತೀರ್ಮಾನ ಮಾತ್ರ ಅವರದ್ದಲ್ಲ. ಅದನ್ನು ಇಬ್ಬರೂ ಕೂತು ಮೊದಲೇ ಬಿನ್ನಿನ ಅಳತೆಯಲ್ಲಿ ಬರೆದಿಟ್ಟಿದ್ದಾರೆ. ಒಂದೊಂದು ಮಾಲಿಗೆ ಎರಡೆರಡು ಬಿನ್, ಮನೆಯ ಎರಡು ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಒಂದು ಖಾಲಿಯಾಯಿತು, ಇನ್ನೊಂದನ್ನು ಹಚ್ಚಿದಿರಿ, ಖಾಲಿಯದಕ್ಕೆ ಬುಕ್ ಮಾಡಿದಿರಿ. ಈ ಬುಕ್ ಮಾಡುವ ಕೆಲಸವನ್ನೂ ಏಜೆನ್ಸಿಯವರೇ ಅಡುಗೆಮನೆಗೆ ಬಂದು ನೋಡಿ ಮಾಡಿದರೆ ಅದು ಸಪ್ಲೈಯರ್ ಕಾನ್‌ಬಾನ್. ಹಬ್ಬ ಬರುತ್ತಿದೆ ಅಂತ ಅವರೇ ಯೋಚಿಸಿ ಮೂರನೇ ಸಿಲಿಂಡರ್ ಇಳಿಸಿ ಹೋದರೆ ಅದು ವಿಎಂಐ.

ನಟ್ಟು ಬೋಲ್ಟಿನಂಥ ಚಿಲ್ಲರೆ ಮಾಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದೊಂದರ ಬೆಲೆ ಕಮ್ಮಿ, ಬಗೆ ನೂರಾರು, ಒಂದು ಇಲ್ಲದಿದ್ದರೂ ಲೈನ್ ನಿಲ್ಲುತ್ತದೆ. ಪ್ರತಿಯೊಂದಕ್ಕೂ ಪಿಒ, ಅಂದರೆ ಪರ್ಚೇಸ್ ಆರ್ಡರ್, ಹಾಕುವ ಖರ್ಚೇ ಮಾಲಿಗಿಂತ ಜಾಸ್ತಿ. ಸ್ವಿಟ್ಜರ್ಲೆಂಡಿನ ಬೊಸಾರ್ಡ್ ಕಂಪನಿ ಬಿನ್ನಿನ ಅಡಿಗೆ ತೂಕದ ಸೆನ್ಸರ್ ಇಟ್ಟಿದೆ. ಜರ್ಮನಿಯ ವ್ಯೂರ್ಟ್ ಬಿನ್ನಿಗೆ ಕ್ಯಾಮೆರಾ ಹಾಕಿದೆ. ಖಾಲಿಯಾಗುತ್ತಿರುವುದು ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಆರು ತಿಂಗಳಿಗೊಮ್ಮೆ ಬರುವ ವಿಶೇಷ ಆರ್ಡರಿನ ಕಾಸ್ಟಿಂಗಿಗೆ (ಎರಕದ ಭಾಗಕ್ಕೆ) ಇದೇ ಪದ್ಧತಿ ಹಾಕುವವರೂ ಇದ್ದಾರೆ. ಖರ್ಚು ಒಂದೇ ಸಮ ಇಲ್ಲದ ಮಾಲಿಗೆ ಎರಡು ಬಿನ್ ಇಟ್ಟರೆ ಒಂದೋ ತುಕ್ಕು ಹಿಡಿಯುತ್ತದೆ, ಇಲ್ಲವೇ ಬೇಕಾದ ದಿನ ಸಾಲದು.

ಈಗ ಬಿನ್ನಿನ ಅಳತೆ. ಎಲ್ಲರೂ ಎಡವುವ ಜಾಗ ಇದೇ. ದಿನಕ್ಕೆ 500 ಬೋಲ್ಟ್ ಖರ್ಚಾಗುತ್ತದೆ ಅಂದುಕೊಳ್ಳಿ. ಸಪ್ಲೈಯರ್ ಹುಡುಗ ಮಂಗಳವಾರ, ಶುಕ್ರವಾರ ಬರುತ್ತಾನೆ. ಈ ಸಲ ಖಾಲಿ ಕಂಡದ್ದನ್ನು ಮುಂದಿನ ಸಲ ತರುತ್ತಾನೆ. ಮಂಗಳವಾರದಿಂದ ಶುಕ್ರವಾರಕ್ಕೆ ಮೂರು ದಿನ, ಹಾಗಾಗಿ 1,500 ಸಾಕು ಅಂತ ಲೆಕ್ಕ ಹಾಕುತ್ತಾರೆ. ಸಾಲದು. ಅವನು ಮಂಗಳವಾರ ಬಂದು ಹೋದ ಹತ್ತು ನಿಮಿಷಕ್ಕೆ ಬಿನ್ ಖಾಲಿಯಾದರೆ? ಅದು ಅವನ ಕಣ್ಣಿಗೆ ಬೀಳುವುದೇ ಶುಕ್ರವಾರ. ಮಾಲು ಬರುವುದು ಮುಂದಿನ ಮಂಗಳವಾರ. ಭಾನುವಾರ ಕಳೆದರೂ ಆರು ದಿನ ಎರಡನೇ ಬಿನ್ನೊಂದೇ ಲೈನನ್ನು ನಡೆಸಬೇಕು. ಅಂದರೆ 3,000, ಹೆಚ್ಚುಕಮ್ಮಿಗೆ ನೂರಕ್ಕೆ ಹತ್ತು ಸೇರಿಸಿ 3,300. ಪ್ಯಾಕೆಟ್ಟಿನಲ್ಲಿ 500 ಇದ್ದರೆ ಬಿನ್ನಿಗೆ ಏಳು ಪ್ಯಾಕೆಟ್, 3,500. ಮಾಲು ಬರುವ ದಿನಗಳನ್ನು ಎಲ್ಲರೂ ಎಣಿಸುತ್ತಾರೆ, ಖಾಲಿ ಬಿನ್ ಯಾರ ಕಣ್ಣಿಗೂ ಬೀಳದೆ ಕೂತಿರುವ ದಿನಗಳನ್ನು ಬಿಡುತ್ತಾರೆ. ಆಮೇಲೆ "ಕಾನ್‌ಬಾನ್ ನಮ್ಮ ದೇಶಕ್ಕೆ ಆಗಿಬರಲ್ಲ" ಅಂತ ಷರಾ ಬರೆಯುತ್ತಾರೆ.

ಕೆಡಿಸುವ ದಾರಿ ಇನ್ನೂ ಇವೆ. ಸ್ಟೋರ್ಸಿನವರು ಫೋನ್ ಮಾಡಿ "ಇರಲಿ, ಇನ್ನೆರಡು ಬಾಕ್ಸ್ ಜಾಸ್ತಿ ಹಾಕಿ" ಅಂದರೆ ಅಲ್ಲಿಗೆ ಕಾನ್‌ಬಾನ್ ಮುಗಿಯಿತು. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಸಪ್ಲೈಯರೇ ಅರ್ಧ ತುಂಬಿದ ಬಿನ್ನಿಗೂ ಸುರಿದು ಹೋದರೂ ಅಷ್ಟೇ. ಲೈನಿನ ಆಪರೇಟರ್ ಎರಡೂ ಬಿನ್ನಿನಿಂದ ಒಟ್ಟಿಗೆ ತೆಗೆಯುತ್ತಿದ್ದರಂತೂ ಯಾವುದು ಖಾಲಿ, ಯಾವುದು ಭರ್ತಿ ಅನ್ನುವ ಸುದ್ದಿಯೇ ಹೊರಗೆ ಹೋಗುವುದಿಲ್ಲ. ಆದರೂ ಮೀಟಿಂಗಿನಲ್ಲಿ ಬೈಸಿಕೊಳ್ಳುವುದು ಸಪ್ಲೈಯರ್.

ಇನ್ನು ದುಡ್ಡಿನ ಪ್ರಶ್ನೆ. ಬಿನ್ನಿನಲ್ಲಿ ಇರುವಷ್ಟು ದಿನ ಮಾಲು ಸಪ್ಲೈಯರದ್ದೇ, ಖರ್ಚಾದ ಮೇಲೆ ಬಿಲ್ ಅನ್ನುವ ಒಪ್ಪಂದಕ್ಕೆ ಕನ್ಸೈನ್‌ಮೆಂಟ್ ಅಂತ ಬೇರೆ ಹೆಸರೇ ಇದೆ. ಕಾನ್‌ಬಾನ್ ಜೊತೆ ಅದನ್ನು ಸೇರಿಸಬಹುದು, ಸೇರಿಸದೆಯೂ ಇರಬಹುದು. ಬಿನ್ನಿಗೆ ಬಿದ್ದ ಕೂಡಲೇ ಇನ್‌ವಾಯ್ಸ್ ಆಗುವ ಸಪ್ಲೈಯರ್ ಕಾನ್‌ಬಾನ್‌ಗಳೂ ಇವೆ. ಸೇರಿಸುವುದಾದರೆ ಬರವಣಿಗೆಯಲ್ಲಿ ಇರಲಿ. ಒಪ್ಪಿದರೆ ಕೊಳ್ಳುವುದು, ಇಲ್ಲವಾದರೆ ಹಿಂದಿರುಗಿಸುವುದು ಎಂಬ ಷರತ್ತಿನ ಮೇಲೆ ಚಲನ್ ಹಾಕಿ ಕಳಿಸಿದ ಮಾಲಿಗೆ ಜಿಎಸ್‌ಟಿ ಕಾಯ್ದೆ ಆರು ತಿಂಗಳ ಗಡುವು ಇಟ್ಟಿದೆ. ಅಷ್ಟರೊಳಗೆ ಖರ್ಚಾಗದಿದ್ದರೂ ಇನ್‌ವಾಯ್ಸ್ ಮಾಡಲೇಬೇಕು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅನ್ನುವುದು 2006ರ ಕಾಯ್ದೆ. ಅದನ್ನು ತಪ್ಪಿಸಿಕೊಳ್ಳಲು "ಕಾನ್‌ಬಾನ್ ಮಾಡೋಣ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಸಾಲ, ಅದೂ ಬಡ್ಡಿ ಇಲ್ಲದ್ದು. ಅದಕ್ಕೆ ಜಪಾನಿ ಹೆಸರು ಬೇಡ.

"ಕಾನ್‌ಬಾನ್ ಅಂದ್ರೆ ಸೊನ್ನೆ ಸ್ಟಾಕ್ ಅಲ್ವಾ?" ಅಂತಲೂ ಕೇಳುತ್ತಾರೆ. ಮೇಲಿನ ಲೆಕ್ಕದಲ್ಲೇ ಏಳು ಸಾವಿರ ಬೋಲ್ಟ್ ಇದೆ ನೋಡಿ. 1997ರ ಫೆಬ್ರವರಿ 1ರಂದು ಟೊಯೋಟಾದ ಸಪ್ಲೈಯರ್ ಆದ ಐಸಿನ್ ಕಂಪನಿಯ ಕಾರಿಯಾ ಕಾರ್ಖಾನೆಗೆ ಬೆಂಕಿ ಬಿದ್ದು, ಬ್ರೇಕಿನ ಒಂದು ಚಿಕ್ಕ ವಾಲ್ವ್ ಸಿಗದೆ ಜಪಾನಿನ ಟೊಯೋಟಾ ಕಾರ್ಖಾನೆಗಳು ಕೆಲವು ದಿನ ನಿಂತವು. 2011ರ ಭೂಕಂಪವಾದ ಮೇಲೆ ಅದೇ ಟೊಯೋಟಾ ಕೆಲವು ತಿಂಗಳಿಗೆ ಆಗುವಷ್ಟು ಚಿಪ್ ಇಟ್ಟುಕೊಳ್ಳಿ ಅಂತ ತನ್ನ ಸಪ್ಲೈಯರುಗಳಿಗೆ ಹೇಳಿತು. ಸ್ಟಾಕ್ ಎಷ್ಟಿರಬೇಕು ಅನ್ನುವುದು ಮಾಲು ಬರಲು ಹಿಡಿಯುವ ಹೊತ್ತಿನ ಮೇಲೆ ನಿಂತಿದೆ.

ಒಪ್ಪಂದದಲ್ಲಿ ಬಹಳ ಜನ ಬಿಡುವ ಸಾಲು ಇನ್ನೊಂದಿದೆ. ಡಿಸೈನ್ ಬದಲಾದರೆ ಏನು ಗತಿ? ಹಳೆಯ ಬೋಲ್ಟಿನ ಬದಲು ಉದ್ದದ ಬೋಲ್ಟ್ ಬೇಕು ಅಂತ ಇಂಜಿನಿಯರಿಂಗಿನವರು ಡ್ರಾಯಿಂಗ್ ತಿದ್ದುತ್ತಾರೆ, ಸಪ್ಲೈಯರಿಗೆ ಹೇಳುವುದಿಲ್ಲ. ಅವನು ಹಳೆಯದನ್ನೇ ತುಂಬುತ್ತಾ ಹೋಗುತ್ತಾನೆ, ಬಿನ್ ಲೇಬಲ್ ಅವನಿಗೆ ಹಾಗೆ ಹೇಳುತ್ತಿದೆ. ಡ್ರಾಯಿಂಗ್ ಬದಲಾಗುವ ಮುಂಚೆ ಹಳೆಯ ಲೇಬಲ್ ತೆಗೆಯುವುದು ಗಿರಾಕಿಯ ಕೆಲಸ. ಮಿಕ್ಕಿದ ಎರಡು ಬಿನ್ ಮತ್ತು ಸಪ್ಲೈಯರ್ ಗೋಡೌನಿನಲ್ಲಿ ಇರುವ ಇಂತಿಷ್ಟು ವಾರದ ಮಾಲನ್ನು ಗಿರಾಕಿಯೇ ಕೊಳ್ಳಬೇಕು ಅಂತ ಮೊದಲೇ ಬರೆಸಿಕೊಂಡರೆ ಆಮೇಲೆ ಜಗಳ ಇರುವುದಿಲ್ಲ.