ಒಂದು ಲೀಟರ್ ಎಣ್ಣೆ ಒಂದು ಕೆಜಿ ಯಾಕೆ ತೂಗಲ್ಲ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಓಣಿಯ ಗಾಣದವರು ಕುಸುಬಿ ಎಣ್ಣೆಯನ್ನು ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ. ಕಿರಾಣಿ ಅಂಗಡಿಯಲ್ಲಿ ಲೀಟರ್ ಪ್ಯಾಕೆಟ್ ಸಿಗುತ್ತದೆ. ಆ ಪ್ಯಾಕೆಟ್ ತೂಗಿದರೆ ಕೆಜಿ ತುಂಬುವುದಿಲ್ಲ. ಇದು ಮೋಸ ಅಲ್ವಾ? ಎರಡರ ರೇಟು ಹೇಗೆ ಹೋಲಿಸಬೇಕು?

ಉತ್ತರ: ಮೋಸ ಅಲ್ಲ. ಲೀಟರ್ ಅಂದರೆ ಎಣ್ಣೆ ಎಷ್ಟು ಜಾಗ ಹಿಡಿಯುತ್ತದೆ ಅನ್ನುವ ಅಳತೆ, ಕೆಜಿ ಅಂದರೆ ತೂಕ. ನೀರಿಗೆ ಮಾತ್ರ ಇವೆರಡೂ ಹೆಚ್ಚುಕಡಿಮೆ ಒಂದೇ. ಎಣ್ಣೆ ನೀರಿಗಿಂತ ಹಗುರ, ಸಾರಿನ ಮೇಲೆ ಒಗ್ಗರಣೆ ತೇಲುವುದೂ ಅದಕ್ಕೇ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910ರಿಂದ 920 ಗ್ರಾಂ ತೂಗುತ್ತದೆ. ಕುಸುಬಿ, ಶೇಂಗಾ, ಸೂರ್ಯಕಾಂತಿ, ಎಳ್ಳು ಯಾವುದೇ ಇರಲಿ, ವ್ಯತ್ಯಾಸ ಕೆಲವೇ ಗ್ರಾಂ. ಮನೆ ಲೆಕ್ಕಕ್ಕೆ ಎಲ್ಲದಕ್ಕೂ 910 ಇಟ್ಟುಕೊಂಡರೆ ಸಾಕು.

ರೇಟು ಹೋಲಿಸುವಾಗ ಲೀಟರ್ ಬೆಲೆಯನ್ನು 0.91ರಿಂದ ಭಾಗಿಸಿ, ಕೆಜಿ ಬೆಲೆ ಬರುತ್ತದೆ. ಪ್ಯಾಕೆಟ್ ಲೀಟರಿಗೆ 182 ರೂಪಾಯಿ ಇದೆ ಅಂದುಕೊಳ್ಳಿ. ಕೆಜಿಗೆ ಅದು 200 ರೂಪಾಯಿ ಆಯಿತು. ಬಾಯಿಲೆಕ್ಕ ಬೇಕಿದ್ದರೆ ಲೀಟರ್ ಬೆಲೆಗೆ ಅದರ ಹತ್ತನೇ ಒಂದು ಭಾಗ ಸೇರಿಸಿ. ಇದನ್ನು ಮಾಡದೆ ಸುಮ್ನೆ ಎರಡು ಬೆಲೆ ನೋಡಿದರೆ ಗಾಣದ ಎಣ್ಣೆ ಇರುವುದಕ್ಕಿಂತ ದುಬಾರಿ ಅನಿಸುತ್ತದೆ. ಗಾಣಕ್ಕೆ ಹೋಗುವಾಗ ದೊಡ್ಡ ಬಾಟಲಿ ಒಯ್ಯಿರಿ. ಒಂದು ಕೆಜಿ ಎಣ್ಣೆ ಸುಮಾರು 1,100 ಮಿಲಿ ಆಗುತ್ತದೆ, ಲೀಟರ್ ಬಾಟಲಿಯಲ್ಲಿ ಹಿಡಿಯುವುದಿಲ್ಲ.

ಮದುವೆ, ದಾಸೋಹಕ್ಕೆ ಟಿನ್ ತರುವವರು ಇನ್ನೂ ಹುಷಾರಾಗಿರಬೇಕು. ಪೇಟೆಯಲ್ಲಿ 15 ಕೆಜಿ ಟಿನ್ನೂ ಇದೆ, 15 ಲೀಟರ್ ಟಿನ್ನೂ ಇದೆ. ನೋಡಲು ಎರಡೂ ಒಂದೇ ತರಹ. ಆದರೆ 15 ಲೀಟರ್ ಟಿನ್ನಿನಲ್ಲಿ ಇರುವುದು ಸುಮಾರು 13.65 ಕೆಜಿ. ಒಂದು ಟಿನ್ನಿಗೇ ಒಂದೂಕಾಲು ಕೆಜಿಗಿಂತ ಜಾಸ್ತಿ ವ್ಯತ್ಯಾಸ!

ಬಿಸಿಲಿನ ವಿಷಯವೂ ಇದೆ. ಕಾದಂತೆ ಎಣ್ಣೆ ಹಿಗ್ಗುತ್ತದೆ, ಆಗ ಅದೇ ಲೀಟರಿನಲ್ಲಿ ತೂಕ ಕಡಿಮೆ ಇರುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 893 ಗ್ರಾಂ ಮಾತ್ರ. ಕೆಲವು ಕಂಪನಿಗಳು ಇದನ್ನೇ ಹಿಡಿದು, 60 ಡಿಗ್ರಿಯಲ್ಲಿ ಲೀಟರ್ ಎಂದು ಪ್ಯಾಕೆಟ್ ಮೇಲೆ ಅಚ್ಚು ಹಾಕಿ ಎಣ್ಣೆ ಕಡಿಮೆ ತುಂಬುತ್ತಿದ್ದವು. ನಮ್ಮ ಕಲಬುರಗಿ ಬೇಸಿಗೆಯಲ್ಲೂ 60 ಡಿಗ್ರಿ ಎಲ್ಲಿದೆ ಹೇಳಿ! 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೀಗೆ ಉಷ್ಣಾಂಶ ಬರೆಯುವುದನ್ನು ಬಿಡಲು ಹೇಳಿತು. ಲೀಟರ್ ಜೊತೆ ತೂಕವನ್ನೂ ಸರಿಯಾಗಿ ನಮೂದಿಸಬೇಕು ಎಂದಿತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಲೀಟರಿಗಿಂತ ಮೊದಲು ಗ್ರಾಂ ಓದಿ. ಲೀಟರ್ ಪ್ಯಾಕೆಟ್ಟಿನಂತೆ ಕಾಣುವ ಕಡಿಮೆ ತೂಕದ ಪ್ಯಾಕೆಟ್ಟುಗಳೂ ಅಂಗಡಿಯಲ್ಲಿ ಇರುತ್ತವೆ.

ಅಡುಗೆಯ ಅಳತೆಗೆ, 5 ಮಿಲಿ ಚಮಚ ಅಂದರೆ ನಾಲ್ಕೂವರೆ ಗ್ರಾಂ, 15 ಮಿಲಿ ಚಮಚ ಅಂದರೆ ಸುಮಾರು 14 ಗ್ರಾಂ.

ಪ್ಯಾಕೆಟ್ ಮೇಲೆ ಅನುಮಾನ ಬಂದರೆ ತಕ್ಕಡಿ ಮೇಲೆ ಖಾಲಿ ಪಾತ್ರೆ ಇಟ್ಟು, ಸೊನ್ನೆ ಮಾಡಿ, ಎಣ್ಣೆ ಸುರಿದು ತೂಗಿ. ಒಂದೆರಡು ಗ್ರಾಂ ಪ್ಯಾಕೆಟ್ಟಿಗೇ ಅಂಟಿಕೊಳ್ಳುತ್ತದೆ, ಅದು ಬಿಡಿ. ಪ್ಯಾಕೆಟ್ ಮೇಲೆ ಬರೆದ ತೂಕಕ್ಕಿಂತ ತುಂಬಾ ಕಡಿಮೆ ಬಂದರೆ ಅಂಗಡಿಯವರು "ಬಿಸಿಲಿಗೆ ಇಳಿದದ ರೀ" ಅನ್ನಬಹುದು. ಒಪ್ಪಬೇಡಿ. ಸೀಲ್ ಆದ ಪ್ಯಾಕೆಟ್ ಬಿಸಿಲಿಗೆ ಉಬ್ಬಬಹುದು, ತೂಕ ಇಳಿಯುವುದಿಲ್ಲ. ಬಿಲ್ಲು, ಪ್ಯಾಕೆಟ್ ಎರಡನ್ನೂ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.